ಬುತ್ತಿಯಲ್ಲಿ ಒಣಮೀನು

ನನ್ನ ಅತ್ತಿಗೆಯ ಹೆಸರು ತಿಸ್ವಾಹಿನ್. ‘ಅವರೆಲ್ಲರಿಗೂ ನೀನೊಬ್ಬಳೇ ಸಾಟಿ’ ಎಂದು ಅದರ ಅರ್ಥ. ಆರು ಹೆಣ್ಣುಗಳ ಮೇಲೆ ಏಳನೆಯದೂ ಹೆಣ್ಣೇ ಆದಾಗ ನೆರೆಯ ಹೆಂಗಸರೆಲ್ಲ ಬಂದು ಅಯ್ಯೋ ಎಂದು ಲೊಚಗುಟ್ಟಿದರಂತೆ. ಅವರ ಬಾಯಿ ಮುಚ್ಚಿಸಲು ಅವಳಪ್ಪ ಹುಡುಕಿ ಹುಡುಕಿ ಆ ಹೆಸರಿಟ್ಟ.

ನಾವು ಹುಟ್ಟಿ ಬೆಳೆದ ಜೌಗಿನ ನೀರು ಉಪ್ಪೇರಿ ಎಮ್ಮೆಗಳ ಕಣ್ಣು ಹೋಗತೊಡಗಿದ ವರ್ಷ ನಾವು ಬಸ್ರಾ ಪಟ್ಟಣದ ಅಂಚಿಗೆ ಬಂದೆವು. ನಾನು, ನನ್ನಣ್ಣ ಮುತ್ಲಗ್, ಅತ್ತಿಗೆ, ಅವರ ಒಬ್ಬಳೇ ಮಗಳು ನಜ್ಲಾ, ಉಳಿದಿದ್ದ ಹನ್ನೊಂದು ಎಮ್ಮೆ. ಅಣ್ಣ ಎಮ್ಮೆಗಳನ್ನು ನದಿಗೆ ಹೊಡೆದುಕೊಂಡು ಹೋಗುತ್ತಾನೆ. ನಾನೂ ಅತ್ತಿಗೆಯೂ ಹಾಲನ್ನು ಸಣ್ಣ ಉರಿಯಲ್ಲಿ ಕಾಯಿಸಿ, ಕೆನೆ ಕಟ್ಟಿಸಿ, ಬೆಳಕು ಹರಿಯುವ ಹೊತ್ತಿಗೆ ತಟ್ಟೆಗಳನ್ನು ತಲೆಯ ಮೇಲೆ ಹೊತ್ತು ಓಣಿಗಳಲ್ಲಿ ಮಾರುತ್ತ ಪೇಟೆಗೆ ಹೊರಡುತ್ತೇವೆ. ಬೆರಳು ದಪ್ಪಕ್ಕೆ ಕಟ್ಟಿದ ಆ ಕೆನೆಯೇ ಗೇಮರ್. ಬಿಸಿ ರೊಟ್ಟಿ, ಗೇಮರ್, ಮೇಲೆ ಖರ್ಜೂರದ ಜೋನಿ. ಇದಿಲ್ಲದಿದ್ದರೆ ಬಸ್ರಾದವರಿಗೆ ರಜೆಯ ಶುಕ್ರವಾರ ಬೆಳಗೇ ಆಗುವುದಿಲ್ಲ. ಅವರ ಬಾಯಲ್ಲಿ ನಾವು ‘ಮಅದಾನ್’. ಅದು ಜೌಗಿನ ನಮ್ಮ ಜನದ ಹೆಸರೂ ಹೌದು, ಬೈಗುಳವೂ ಹೌದು. ಯಾವಾಗ ಯಾವುದು ಎಂಬುದು ಹೇಳುವವರ ತುಟಿ ನೋಡಿದರೆ ತಿಳಿಯುತ್ತದೆ.

ನಜ್ಲಾ ಆ ವರ್ಷ ಎರಡನೇ ತರಗತಿ. ನಮ್ಮ ಮನೆತನದಲ್ಲಿ ಅಕ್ಷರ ಕಲಿತ ಮೊದಲ ಹೆಣ್ಣು ಅವಳೇ. ಅವಳ ಬುತ್ತಿಗೆ ಅತ್ತಿಗೆ ಮಣ್ಣಿನ ಹೆಂಚಿನ ಮೇಲೆ ಅಕ್ಕಿ ಹಿಟ್ಟಿನ ರೊಟ್ಟಿ ತಟ್ಟುತ್ತಿದ್ದಳು. ಕೆಂಡದಲ್ಲಿ ಸುಟ್ಟ ಒಣಮೀನಿನ ಮುಳ್ಳನ್ನು ಒಂದೊಂದಾಗಿ ಕಿತ್ತು, ಈರುಳ್ಳಿ ಹೆಚ್ಚಿ ಜೊತೆಗಿಟ್ಟು, ರೊಟ್ಟಿಯಲ್ಲಿ ಸುತ್ತಿ ಡಬ್ಬಿಗೆ ಹಾಕುತ್ತಿದ್ದಳು. ನಾವೆಲ್ಲ ತಿಂದು ಬೆಳೆದದ್ದು ಅದನ್ನೇ.

ಒಂದು ಮಧ್ಯಾಹ್ನ ಡಬ್ಬಿಯ ಒಳಗೆ ಮಡಿಸಿದ ಚೀಟಿ ಬಂತು. ಮನೆಯಲ್ಲಿ ಓದಲು ಬರುವುದು ನಜ್ಲಾಳಿಗೆ ಮಾತ್ರ.

“ಓದವ್ವಾ,” ಎಂದಳು ಅತ್ತಿಗೆ.

ನಜ್ಲಾ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದಳು. “‘ಗೌರವಾನ್ವಿತ ತಾಯಂದಿರಿಗೆ. ಮಕ್ಕಳ ಬುತ್ತಿಯಲ್ಲಿ ಶುಚಿಯಾದ ಆಹಾರವನ್ನೇ ಕಳುಹಿಸತಕ್ಕದ್ದು. ಟೋಸ್ಟ್, ಚೀಸ್, ಸೌತೆಕಾಯಿ, ಹಣ್ಣು.’ ಅಷ್ಟೇ.”

“ಅಷ್ಟೇನಾ?”

“ಹೂಂ.”

“ಕೆಳಗೆ ಇನ್ನೂ ಎರಡು ಸಾಲು ಐತಲ್ಲೇ. ನಂಗೆ ಓದಕ್ಕೆ ಬರಲ್ಲ, ಎಣಿಸಕ್ಕೆ ಬರ್ತದೆ.”

ನಜ್ಲಾ ಚೀಟಿಯನ್ನು ಮುಖದ ಹತ್ತಿರ ಹಿಡಿದಳು. ಆಮೇಲೆ ಒಂದೇ ಉಸಿರಿಗೆ ಓದಿ ಮುಗಿಸಿದಳು. “‘ಮೀನು ಮುಂತಾದ ನಾತದ ಪದಾರ್ಥ ತರುವ ಮಕ್ಕಳನ್ನು ಬೇರೆ ಕೂರಿಸಲಾಗುವುದು.’”

“ನಿನ್ನ ಎಲ್ಲಿ ಕೂರ್ಸವ್ರೆ?”

“ಹಿಂದಿನ ಬೆಂಚು. ಕಿಟಕಿ ಹತ್ರ.”

“ಯಾವತ್ತಿಂದ?”

“ಹೋದ ವಾರದಿಂದ.”

ಅತ್ತಿಗೆ ಚೀಟಿಯನ್ನು ಮಡಿಸಿ ಡಬ್ಬಿಯೊಳಗೇ ಇಟ್ಟಳು. ಅವಳು ಸುಮ್ಮನಾದರೆ ನನಗೆ ಭಯ. ನಾನೇ ಬಾಯಿ ಹಾಕಿದೆ. “ಹೋಗ್ಲಿ ಬಿಡು ಅತ್ತಿಗೆ. ಟೋಸ್ಟ್ ತಾನೆ ಕೇಳ್ತಿರೋದು? ಕೊಟ್ರಾಯ್ತು. ಮಗು ಮುಂದೆ ಕೂತ್ಕಂಡು ನಾಲ್ಕಕ್ಷರ ಕಲೀಲಿ.”

ಎಮ್ಮೆ ಕಟ್ಟಿ ಬಂದ ಅಣ್ಣನೂ ಅದನ್ನೇ ಹೇಳಿದ. “ಊರು ಅವರದು, ನಾವು ಬಂದೋರು. ತಲೆ ತಗ್ಗಿಸಿದ್ರೆ ಹೋಗೋದೇನು?”

“ತಗ್ಗಿಸಿ ತಗ್ಗಿಸಿ ನಿನ್ನ ಕತ್ತು ಕೊಕ್ಕರೆ ಕತ್ತು ಆಗೈತೆ,” ಎಂದಳು ಅತ್ತಿಗೆ. ಆದರೂ ಮರುದಿನ ನಾನು ಕೊಂಡುತಂದ ಟೋಸ್ಟನ್ನೂ ಮೂರು ಮೂಲೆಯ ಚೀಸನ್ನೂ ಡಬ್ಬಿಗೆ ಹಾಕಿದಳು. ನನ್ನ ಮುಖ ಮಾತ್ರ ನೋಡಲಿಲ್ಲ.

ಒಂದು ವಾರ ಹೀಗೇ ನಡೆಯಿತು. ಗುರುವಾರ ಸಂಜೆ ಮಗಳ ತಲೆ ಬಾಚುತ್ತ ಅತ್ತಿಗೆ ಕೇಳಿದಳು. “ಈಗ ಮುಂದಿನ ಬೆಂಚಾ?”

“ಇಲ್ಲ.”

“ಯಾಕಂತೆ? ಮೀನು ನಿಲ್ಲಿಸಿದ್ವಲ್ಲ.”

“ಟೋಸ್ಟೂ ನಾರ್ತದಂತೆ.”

“ಟೋಸ್ಟ್ ನಾರ್ತದಾ?”

“ನಮ್ಮನೆಯಿಂದ ಬಂದಿದ್ದಲ್ವಾ ಅಮ್ಮಾ. ಎಮ್ಮೆ ವಾಸನೆ ಅಂತೆ.”

ಬಾಚಣಿಗೆ ಕೂದಲಲ್ಲೇ ನಿಂತಿತು. ಅತ್ತಿಗೆ ನನ್ನ ಕಡೆ ತಿರುಗಿದಳು. “ಕೇಳಿದ್ಯಾ ಹಸ್ನಾ? ಪೇಟೆ ಟೋಸ್ಟು, ಪೇಟೆ ಚೀಸು. ನಮ್ಮ ಹೊಸಿಲು ತುಳಿದಿದ್ದಕ್ಕೇ ಮೈಲಿಗೆ ಆಗೋಯ್ತು. ಅಂದ್ಮೇಲೆ ಅವರಿಗೆ ನಾರ್ತಿರೋದು ಬುತ್ತಿ ಅಲ್ಲ ಕಣೆ, ನಾವು. ನಮ್ಮನ್ನ ಯಾವ ಅಂಗಡೀಲಿ ಬದಲಾಯಿಸ್ಕಂಡು ಬರ್ತೀಯ, ಹೇಳು.”



ಎರಡು ದಿನದ ರಜೆ ಮುಗಿದು ಭಾನುವಾರ ಶಾಲೆ ತೆರೆದ ದಿನ ಅವಳು ಮೊದಲಿನ ಹಾಗೆ ರೊಟ್ಟಿ ತಟ್ಟಿ ಮೀನು ಸುಟ್ಟಳು. ಡಬ್ಬಿಯನ್ನು ಮಗಳ ಕೈಗೆ ಕೊಡಲಿಲ್ಲ. ಪೇಟೆಯಲ್ಲಿ ಕೆನೆ ಮಾರಿ ಮುಗಿಸಿ, ಖಾಲಿ ತಟ್ಟೆಗಳನ್ನು ನನ್ನ ಕೈಗಿಟ್ಟು, ನೇರ ಶಾಲೆಗೆ ನಡೆದಳು. ನಾನು ಹಿಂದೆಯೇ ಓಡಿದೆ.

ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಕಾಲಿಟ್ಟ ತಕ್ಷಣ ನಮ್ಮಿಬ್ಬರಿಗೂ ಅವರ ಗುರುತು ಸಿಕ್ಕಿತು. ಹಸಿರು ಗೇಟಿನ ಮನೆಯಾಕೆ! ದಿನಾ ಬೆಳಿಗ್ಗೆ ಮನೆಯುಡುಗೆಯಲ್ಲೇ ಗೇಟಿಗೆ ಬಂದು, ತಟ್ಟೆಯ ಮೇಲೆ ಬಗ್ಗಿ, “ಅಂಚಿನದು ಬೇಡ, ನಡುವಿಂದ ಕೊಡಿ” ಎನ್ನುವವರು. ಹೆಸರು ಇಬ್ತಿಹಾಜ್, ಶಾಲೆಯ ಮೇಡಂ ಆದ್ದರಿಂದ ಸಿತ್ ಇಬ್ತಿಹಾಜ್ ಎಂದು ಅವತ್ತೇ ನಮಗೆ ತಿಳಿದದ್ದು. ಅವರ ಮುಖವೂ ಒಂದು ಗಳಿಗೆ ಬಣ್ಣ ಬದಲಾಯಿಸಿತು.

ತಾನು ‘ಉಮ್ಮ್ ನಜ್ಲಾ’, ಅಂದರೆ ನಜ್ಲಾಳ ತಾಯಿ, ಎಂದು ಹೇಳಿಕೊಂಡು ಅತ್ತಿಗೆ ಡಬ್ಬಿಯನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದಳು. ಸಿತ್ ಇಬ್ತಿಹಾಜರ ಕೈ ತಾನಾಗಿ ಮೂಗಿನ ಹತ್ತಿರ ಹೋಯಿತು.

“ಬೆಳಿಗ್ಗೆ ಏನು ತಿಂದ್ರಿ, ಸಿತ್?” ಎಂದಳು ಅತ್ತಿಗೆ.

“ಅದಕ್ಕೂ ಇದಕ್ಕೂ ಏನು ಸಂಬಂಧ? ಕೂತ್ಕೊಳ್ಳಿ, ಉಮ್ಮ್ ನಜ್ಲಾ.”

“ನಿಂತೇ ಇರ್ತೀನಿ. ನೀವು ತಿಂದಿದ್ದು ನಂಗೆ ಗೊತ್ತು. ಆ ಕೆನೆ ಎತ್ತಿದ ಕೈ ಇದು. ಈ ರೊಟ್ಟಿ ತಟ್ಟಿದ್ದೂ ಇದೇ ಕೈ. ಆರು ಗಂಟೆಗೆ ನಿಮ್ಮ ಗೇಟಲ್ಲಿ ಘಮಘಮ ಅಂತಿದ್ದ ಕೈ, ಹತ್ತು ಗಂಟೆಗೆ ನಿಮ್ಮ ಶಾಲೇಲಿ ಗಬ್ಬು ನಾರ್ತದೆ. ನಡುವೆ ಏನಾಯ್ತು ಇದಕ್ಕೆ?”

“ನಿಯಮ ಎಲ್ಲರಿಗೂ ಒಂದೇ ನೋಡಿ. ಬೇರೆ ತಾಯಂದಿರು ದೂರು ಕೊಡ್ತಾರೆ. ನಿಮ್ಮ ಮಗಳ ಒಳ್ಳೇದಕ್ಕೇ ಹೇಳ್ತಿರೋದು. ಅವಳು ಎಲ್ಲರ ಜೊತೆ ಬೆರೀಬೇಕೋ ಬೇಡವೋ?”

“ಬೆರೀಬೇಕು. ಹಿಂದಿನ ಬೆಂಚಲ್ಲಿ ಒಬ್ಬಳೇ ಕೂತ್ಕಂಡು ಯಾರ ಜೊತೆ ಬೆರೀತಾಳೆ? ಕಿಟಕಿ ಜೊತೇನಾ?”

ಸಿತ್ ಇಬ್ತಿಹಾಜ್ ಕಾಗದಗಳನ್ನು ಜೋಡಿಸತೊಡಗಿದರು. “ಇಷ್ಟ ಇಲ್ಲದಿದ್ರೆ ಬೇರೆ ಶಾಲೆ ನೋಡ್ಕೊಬಹುದು.”

“ನೋಡಲ್ಲ. ಇಲ್ಲೇ ಓದ್ತಾಳೆ, ಮೀನೇ ತಿಂತಾಳೆ. ನಾತ ತಡೆಯಕ್ಕೆ ಆಗದಿದ್ರೆ ನಿಮ್ಮ ಮನೆಯಿಂದಲೇ ತೊಳೆಯಕ್ಕೆ ಶುರು ಮಾಡಾಣ. ನಾಳೆಯಿಂದ ನಿಮ್ಮ ಓಣಿಗೆ ನಮ್ಮ ತಟ್ಟೆ ಬರಲ್ಲ.”

ಹಿಂದಿರುಗುವಾಗ ನಾನು ಅವಳ ದಾರಿಗೆ ಅಡ್ಡ ನಿಂತೆ. “ನಾವಿಬ್ರು ನಿಲ್ಲಿಸಿದ್ರೆ ಬೇರೆಯವರು ಹೋಗಿ ಕೊಡ್ತಾರೆ ಅತ್ತಿಗೆ. ನಷ್ಟ ನಮಗೇ,” ಎಂದೆ.

“ಬೇರೆಯವರೂ ಹೋಗಲ್ಲ,” ಎಂದಳು.

ಪೇಟೆಯ ತಿರುವಿನಲ್ಲಿ ಕೆನೆ ಮಾರುವವರು ನಾವು ಏಳು ಹೆಂಗಸರು. ಅವರಲ್ಲಿ ಹಿರಿಯಳು ಮುದುಕಿ ಫದ್ದಾ. ಮರುದಿನ ಬೆಳಿಗ್ಗೆ ಅತ್ತಿಗೆ ವಿಷಯ ತೆಗೆದ ಕೂಡಲೇ ಮುದುಕಿ ಹರಿಹಾಯ್ದಳು. “ಒಂದು ಡಬ್ಬಿ ಮೀನಿಗೆ ನಮ್ಮ ಹೊಟ್ಟೆ ಮೇಲೆ ಹೊಡೀತೀಯೇನೆ? ಅದು ದೊಡ್ಡ ಮನೆಗಳ ಓಣಿ!”

“ಚಿಕ್ಕಮ್ಮಾ, ನಿನ್ನ ಮೊಮ್ಮಗಳು ಹೋದ ವರ್ಷ ಅದೇ ಶಾಲೆ ಬಿಟ್ಟಳಲ್ಲ, ಯಾಕೆ?”

“ಹೊಟ್ಟೆನೋವು ಅಂತಿದ್ಲು. ದಿನಾ ಬೆಳಿಗ್ಗೆ.”

“ಶುಕ್ರವಾರ ಬರ್ತಿತ್ತಾ ಹೊಟ್ಟೆನೋವು?”

ಫದ್ದಾ ಬಾಯಲ್ಲಿದ್ದ ಖರ್ಜೂರದ ಬೀಜವನ್ನು ಉಗಿದಳು. ತನ್ನ ತಟ್ಟೆಯ ಮೇಲಿನ ಬಟ್ಟೆಯನ್ನು ಸರಿಮಾಡಿದಳು. “ಇಲ್ಲ,” ಎಂದಳು ಕೊನೆಗೆ. “ಶುಕ್ರವಾರ ಕುಣೀತಿತ್ತು ಮಗು.” ಮತ್ತೆ ಉಳಿದವರ ಕಡೆ ತಿರುಗಿ ಗದರಿದಳು. “ಏನ್ ನೋಡ್ತಿದ್ದೀರೆ? ಆ ಓಣಿಗೆ ಯಾವಳಾದ್ರೂ ಹೋದ್ರೆ ತಟ್ಟೆ ಕಿತ್ತು ನಾಯಿಗೆ ಹಾಕ್ತೀನಿ.”

ಇಷ್ಟಾದರೂ ಮನೆಯಲ್ಲಿ ಗೆಲುವಿರಲಿಲ್ಲ. ನಜ್ಲಾ ತಾಯಿಯ ಮೇಲೆ ಮುನಿಸಿಕೊಂಡಿದ್ದಳು. “ನೀನ್ಯಾಕೆ ಶಾಲೆಗೆ ಬಂದೆ? ಎಲ್ರೂ ನಕ್ರು. ನಿನ್ನ ಚಪ್ಪಲಿಗೆ ಸಗಣಿ ಇತ್ತು.”

ಬೇರೆ ದಿನವಾಗಿದ್ದರೆ ಅತ್ತಿಗೆಯ ಕೈ ಮಾತಾಡುತ್ತಿತ್ತು. ಅವತ್ತು ಅವಳು ಮಗಳ ಮುಂದೆ ನೆಲದ ಮೇಲೆ ಕುಳಿತಳು. “ಇತ್ತು. ಒರೆಸ್ಕಂಡು ಬರ್ಬೇಕಿತ್ತು, ಮರ್ತೆ. ಈಗ ನೀನೇ ಹೇಳವ್ವಾ. ಡಬ್ಬಿ ನಿಂದು, ಹಸಿವು ನಿಂದು. ಟೋಸ್ಟೇ ಬೇಕಂದ್ರೆ ಟೋಸ್ಟೇ ಹಾಕ್ತೀನಿ, ಬೈಯಲ್ಲ.”

ನಜ್ಲಾ ಯೋಚಿಸಿದಳು. “ಟೋಸ್ಟ್ ಹತ್ತಿ ತಿಂದಂಗೆ ಇರ್ತದೆ.”

“ಮತ್ತೆ?”

“ಮೀನೇ ಹಾಕು. ಈರುಳ್ಳಿ ಬೇಡ. ಈರುಳ್ಳಿ ನಂಗೇ ನಾರ್ತದೆ.”

ಅತ್ತಿಗೆ ನಕ್ಕಳು. ಚೀಟಿ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಮುಂದೆ ನಡೆದದ್ದನ್ನು ನಾವು ಯಾರೂ ಹೇಳಿಕೊಟ್ಟಿರಲಿಲ್ಲ. ಬುಧವಾರ ನಜ್ಲಾ ತರಗತಿಗೆ ಎಲ್ಲರಿಗಿಂತ ಮೊದಲೇ ಹೋಗಿ ಮುಂದಿನ ಬೆಂಚಿನಲ್ಲಿ ಕುಳಿತಳು. ಟೀಚರು ಬಂದು ಹಿಂದೆ ಹೋಗು ಎಂದರೆ, “ಅಲ್ಲಿಂದ ಬೋರ್ಡ್ ಕಾಣಲ್ಲ, ಸಿತ್,” ಎಂದಳಂತೆ. ಮೂರು ಸಲ ಹೇಳಿದರೂ ಅದೇ ಮಾತು. ಆಕೆಗೂ ಸಾಕಾಗಿ ಪಾಠ ಶುರುಮಾಡಿದರು. ಊಟದ ಬಿಡುವಿನಲ್ಲಿ ಇವಳು ಡಬ್ಬಿ ತೆರೆದಾಗ ಪಕ್ಕದ ಹುಡುಗಿ ಎರಡು ಬೆರಳಲ್ಲಿ ಮೂಗು ಹಿಡಿದು ಎಲ್ಲರಿಗೂ ತೋರಿಸಿದಳು.

“ಮೂಗು ನಿಂದು, ಮುಚ್ಕೋ,” ಎಂದಳಂತೆ ನಜ್ಲಾ. “ಬಾಯಿ ನಂದು, ತಿಂತೀನಿ.”

ಆ ಹುಡುಗಿ ಎದ್ದುಹೋಗಿ ಬೇರೆ ಕಡೆ ಕುಳಿತಳು. ನಜ್ಲಾ ಅಲ್ಲೇ ಕುಳಿತು ರೊಟ್ಟಿ ಪೂರ್ತಿ ತಿಂದಳು. ಇದನ್ನು ಹೇಳುವಾಗ ಅವಳು ಖಾಲಿ ಡಬ್ಬಿಯನ್ನು ತೆರೆದು ತೋರಿಸಿದಳು. ಅತ್ತು ಬಿಡುತ್ತಾಳೇನೋ ಅಂದುಕೊಂಡೆ, ಅಳಲಿಲ್ಲ.

ಆ ಶುಕ್ರವಾರ ಹಸಿರು ಗೇಟಿನ ಓಣಿಯಲ್ಲಿ ಯಾರ ಮನೆಯಲ್ಲೂ ಗೇಮರ್ ಇರಲಿಲ್ಲ. ಏನು ಜಗಳ, ಯಾರ ಜೊತೆ ಎಂದು ಆ ಓಣಿಯ ಹೆಂಗಸರು ಪೇಟೆಯ ತಿರುವಿಗೇ ಬಂದು ಕೇಳಿದರು. ಫದ್ದಾ ಒಬ್ಬೊಬ್ಬರಿಗೂ ಮೊದಲಿಂದ ಕೊನೆಯವರೆಗೆ, ಸ್ವಲ್ಪ ಉಪ್ಪುಖಾರ ಸೇರಿಸಿಯೇ ಹೇಳಿದಳು. ಶನಿವಾರ ಬೆಳಿಗ್ಗೆ ಸಿತ್ ಇಬ್ತಿಹಾಜರೇ ಪೇಟೆಯ ತಿರುವಿಗೆ ನಡೆದು ಬಂದರು.

“ಓಣಿಯವರೆಲ್ಲ ನನ್ನನ್ನೇ ಬೈತಿದ್ದಾರೆ, ಉಮ್ಮ್ ನಜ್ಲಾ. ಸಾಕು ಮಾಡಿ ಇದನ್ನ.”

“ನಾಳೆ ನನ್ನ ಮಗಳು ಎಲ್ಲಿ ಕೂರ್ತಾಳೆ?”

“ಮುಂದೇನೇ ಕೂರ್ತಾಳೆ.”

“ಚೀಟಿ?”

“ಅದು ಒಬ್ಬಳಿಗೆ ಕಳಿಸಿದ್ದಲ್ಲ, ಎಲ್ಲರಿಗೂ ಕಳಿಸಿದ್ದು.”

“ಹಂಗಾದ್ರೆ ಎಲ್ಲರಿಗೂ ಇನ್ನೊಂದು ಕಳಿಸಿ.”

ಅವರು ಅವತ್ತು ಬರಿಗೈಯಲ್ಲೇ ಹೋದರು. ಅತ್ತಿಗೆ ಕೊಡಲಿಲ್ಲ, ಅವರೂ ಕೇಳಲಿಲ್ಲ. ಎರಡು ದಿನ ಬಿಟ್ಟು ಹೊಸ ಚೀಟಿ ಬಂತು. ಮಕ್ಕಳು ಮನೆಯಲ್ಲಿ ಮಾಡಿದ ಯಾವ ಆಹಾರವನ್ನಾದರೂ ತರಬಹುದು ಎಂದು ಒಂದೇ ಸಾಲು. ತಪ್ಪಾಯಿತು ಎಂದು ಅದರಲ್ಲಿ ಬರೆದಿರಲಿಲ್ಲ. ನಜ್ಲಾ ಅದನ್ನು ಎರಡು ಸಲ ಓದಿದಳು, ಎರಡನೆಯ ಸಲ ಅಪ್ಪನಿಗೆ ಕೇಳಿಸುವ ಹಾಗೆ ಜೋರಾಗಿ. ಅಣ್ಣ ಕೊಟ್ಟಿಗೆಯಿಂದಲೇ “ಸರಿ ಸರಿ, ಕೇಳಿಸ್ತು” ಎಂದ.

ಈಗ ಆ ಓಣಿಗೆ ನಮ್ಮ ತಟ್ಟೆಗಳು ಮತ್ತೆ ಹೋಗುತ್ತವೆ. ಕೆಲವು ಹುಡುಗಿಯರು ಇನ್ನೂ ನಜ್ಲಾಳಿಂದ ದೂರ ಕುಳಿತು ತಿನ್ನುತ್ತಾರೆ, ಒಬ್ಬಿಬ್ಬರು ಹತ್ತಿರ ಬಂದಿದ್ದಾರೆ. ಹಸಿರು ಗೇಟಿನ ಮುಂದೆ ಮಾತ್ರ ಅತ್ತಿಗೆ ಇವತ್ತಿಗೂ ನಿಲ್ಲುವುದಿಲ್ಲ. ಕೆನೆ ಬೇಕೆಂದರೆ ಸಿತ್ ಇಬ್ತಿಹಾಜ್ ತಿರುವಿನವರೆಗೆ ಬಂದು ಎಲ್ಲರ ಹಾಗೆ ಸಾಲಿನಲ್ಲಿ ನಿಲ್ಲಬೇಕು.

“ಇನ್ನೂ ಸಿಟ್ಟು ಇಳಿದಿಲ್ವಾ ನಿಂಗೆ?” ಎಂದು ಮೊನ್ನೆ ಕೇಳಿದೆ.

“ಸಿಟ್ಟೆಲ್ಲಿ ಬಂತು?” ಎಂದಳು ತಟ್ಟೆಯನ್ನು ತಲೆಗೇರಿಸುತ್ತ. “ಹೆಂಗಸು ನಾಲ್ಕು ಹೆಜ್ಜೆ ನಡೀಲಿ ಬಿಡು. ಮೈಗೆ ಒಳ್ಳೇದು.”