ಸಾಲ ಕೊಟ್ಟವರ ಸಭೆಯಲ್ಲಿ ಅಕ್ಕ

ಇಸ್ತ್ರಿಯಣ್ಣನನ್ನು ನೋಡಿದರೆ ಕುತ್ತಿಗೆವರೆಗೆ ಸಾಲದಲ್ಲಿ ಮುಳುಗಿದವನು ಎಂದು ಯಾರೂ ಹೇಳುತ್ತಿರಲಿಲ್ಲ. ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯವನು. ಅವನ ಅಂಗಿಯ ಕಾಲರು ಎಂದೂ ಬಾಗಿದ್ದಿಲ್ಲ, ಪ್ಯಾಂಟಿನ ಗೆರೆ ಎಂದೂ ಅಳಿಸಿದ್ದಿಲ್ಲ. ಒಳಗಿನ ಮನುಷ್ಯ ಮಾತ್ರ ಸುಕ್ಕುಸುಕ್ಕಾಗಿ ಹೋಗಿದ್ದ.

ಹೋಟೆಲೊಂದರ ಹಾಸಿಗೆ ಬಟ್ಟೆಯೆಲ್ಲ ಒಗೆಯುವ ಕೆಲಸ ಸಿಕ್ಕಿತೆಂದು ಬ್ಯಾಂಕಿನಲ್ಲಿ ಸಾಲ ಮಾಡಿ ಎರಡು ದೊಡ್ಡ ಯಂತ್ರ ತಂದಿದ್ದ. ಮೂಗಿಗಿಂತ ಮೂಗುತಿ ಭಾರ. ವರ್ಷ ತುಂಬುವುದರೊಳಗೆ ಹೋಟೆಲೇ ಬಾಗಿಲು ಹಾಕಿತು. ಬ್ಯಾಂಕಿನ ಕಂತು ಕಟ್ಟಲು ಕ್ರೆಡಿಟ್ ಕಾರ್ಡು ಉಜ್ಜಿದ. ಕಾರ್ಡಿನ ಬಡ್ಡಿಗೆಂದು ಸೋಪಿನ ಪುಡಿ ವ್ಯಾಪಾರಿಯ ಮುಂದೆ ಕೈಯೊಡ್ಡಿದ. ಎಲ್ಲ ಕಡೆಯೂ ಮುಗಿದ ಮೇಲೆ ಅಕ್ಕನ ಹತ್ತಿರ ಹೋದ.

ಅಕ್ಕ ಶಾಲಾ ಬಸ್ಸಿನ ಡ್ರೈವರ್. ಬಸ್ಸು ತುಂಬ ಮಕ್ಕಳನ್ನು ಒಂದೇ ಗದರಿಕೆಗೆ ಕೂರಿಸುವ ಹೆಂಗಸು. ಜೀವಮಾನವೆಲ್ಲ ಬೇರೆಯವರ ಬಸ್ಸು ಓಡಿಸಿದ್ದಾಯಿತು, ತನ್ನದೂ ಒಂದು ಪುಟ್ಟ ಕಾರಿರಲಿ ಎಂದು ಕೂಡಿಟ್ಟಿದ್ದಳು. ಅಷ್ಟನ್ನೂ ತಮ್ಮನ ಕೈಗೆ ಹಾಕಿದಳು. ಕಾಗದ ಪತ್ರ ಏನೂ ಕೇಳಲಿಲ್ಲ. ದಿನಾ ಮಧ್ಯಾಹ್ನ ಫೋನು ಮಾಡಿ ಕೇಳುತ್ತಿದ್ದುದು ಒಂದೇ ಮಾತು.

"ಊಟ ಆಯ್ತೇನೋ?"

"ಆಯ್ತಕ್ಕಾ."

ಶುದ್ಧ ಸುಳ್ಳು. ಅವನ ಊಟವೆಂದರೆ ಎರಡು ಲೋಟ ಟೀ. ಬಡ್ಡಿ ಕಟ್ಟುವವನ ಮನೆಯಲ್ಲಿ ಹೊಟ್ಟೆಯ ಸರದಿ ಬರುವುದು ಕೊನೆಗೇ.

ವಸೂಲಿಯವರ ಕಾಟ ತಡೆಯಲಾರದೆ ಒಂದು ದಿನ ಚಪ್ಪಲಿ ಅಂಗಡಿಯ ಮಹಡಿ ಮೇಲಿದ್ದ ವಕೀಲೆಯ ಹತ್ತಿರ ಹೋದ. ದಿವಾಳಿ ಎನ್ನುವ ಮಾತು ಅವನ ಗಂಟಲಲ್ಲೇ ಸಿಕ್ಕಿಹಾಕಿಕೊಂಡಿತು. ಆಕೆಯೇ ಅದನ್ನು ಹೊರಗೆ ತೆಗೆದಳು.

"ದಿವಾಳಿ ಅಂತ ಹೇಳೋಕೆ ನಾಚಿಕೆ ಯಾಕೆ? ತೀರಿಸೋಕೆ ಆಗದೇ ಇರೋರಿಗೆ ಅಂತಾನೇ ಈ ಕಾನೂನು ಮಾಡಿರೋದು. ಕೂತ್ಕೊಳ್ಳಿ, ಮೊದಲು ನೀರು ಕುಡೀರಿ."

ಅವನನ್ನು ಕೂತುಕೋ ಎಂದು ಯಾರಾದರೂ ಹೇಳಿ ಎಷ್ಟು ತಿಂಗಳಾಗಿತ್ತೋ! ಆ ಒಂದು ಲೋಟ ನೀರಿಗಾಗಿ ಅವಳ ಹೊಟ್ಟೆ ತಣ್ಣಗಿರಲಿ ಎಂದು ಇವತ್ತಿಗೂ ಹರಸುತ್ತಾನೆ.

ಸಾಲ ಕೊಟ್ಟವರ ಹೆಸರನ್ನೆಲ್ಲ ಬರೆದುಕೊಂಡ ಮೇಲೆ ಆಕೆ ಕೇಳಿದಳು: "ಈಚೆಗೆ ಯಾರಿಗಾದ್ರೂ ದೊಡ್ಡ ಮೊತ್ತ ಕೊಟ್ಟಿದೀರಾ?"

ಕೊಟ್ಟಿದ್ದ. ಹಿಂದಿನ ತಿಂಗಳಷ್ಟೇ ಬಟ್ಟೆ ಸಾಗಿಸುವ ವ್ಯಾನು ಮಾರಿ, ಬಂದದ್ದನ್ನೆಲ್ಲ ಅಕ್ಕನಿಗೆ ಕೊಟ್ಟು ಬಂದಿದ್ದ. ಈ ಎರಡು ವರ್ಷದಲ್ಲಿ ತಾನು ಮಾಡಿದ ಒಂದೇ ಒಳ್ಳೆಯ ಕೆಲಸ ಅದು ಎಂದುಕೊಂಡಿದ್ದ.

ವಕೀಲೆ ಕನ್ನಡಕ ತೆಗೆದಳು. "ಎಲ್ಲರನ್ನೂ ಬಿಟ್ಟು ಮನೆಯವರಿಗೆ ಮಾತ್ರ ಕೊಡೋ ಹಾಗಿಲ್ಲ. ಆ ದುಡ್ಡು ವಾಪಸ್ ಬರಬೇಕು, ಎಲ್ಲರಿಗೂ ಹಂಚಬೇಕು. ಮುಚ್ಚಿಟ್ರೆ ನಿಮ್ಮ ಅರ್ಜೀನೇ ಬಿದ್ದುಹೋಗತ್ತೆ."

"ಹಂಚಿದ್ರೆ ಅಕ್ಕನಿಗೆ ಎಷ್ಟು ಸಿಗಬಹುದು?"

"ನೂರಕ್ಕೆ ಏಳೋ ಎಂಟೋ."

ಅವತ್ತು ಸಂಜೆ ಬಸ್ಸು ನಿಲ್ಲಿಸುವ ಜಾಗಕ್ಕೆ ಹೋದ. ಅಕ್ಕ ಸೀಟುಗಳ ಸಂದಿಯಿಂದ ಪೆನ್ಸಿಲ್ ತುಂಡು, ಬಿಸ್ಕತ್ ಚೂರು, ಯಾವುದೋ ಮಗುವಿನ ಒಂಟಿ ಸಾಕ್ಸು ಗುಡಿಸಿ ತೆಗೆಯುತ್ತಿದ್ದಳು. ಅವನು ಬಾಗಿಲ ಮೆಟ್ಟಿಲ ಮೇಲೆ ನಿಂತೇ ಎಲ್ಲ ಒದರಿದ. ಪೊರಕೆ ನಿಂತಿತು.

"ಕಾರಿಗೆ ಮುಂಗಡ ಕೊಟ್ಟಾಯ್ತಲ್ಲೋ."

ಅಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಅವಳ ಕಣ್ಣು ಬೆಲ್ಟಿನ ಮೇಲೆ ಒಂದು ಗಳಿಗೆ ನಿಂತಿತು. ಮೊಳೆ ಹೊಡೆದು ಮಾಡಿದ ಎರಡು ಹೊಸ ತೂತು ಅಲ್ಲಿದ್ದವು.

"ನಾಳೆ ಮುಂಗಡ ಬಿಡಿಸ್ಕೊಂಡು ಬರ್ತೀನಿ. ನೀನು ಮನೆಗೆ ಹೋಗು," ಎಂದು ಮತ್ತೆ ಗುಡಿಸತೊಡಗಿದಳು.

ಹೇಳಿದಂತೆ ಹಣವೆಲ್ಲ ವಾಪಸ್ಸು ಬಂತು. ಮಧ್ಯಾಹ್ನದ ಫೋನು ಮಾತ್ರ ಅಂದಿನಿಂದ ನಿಂತುಹೋಯಿತು. ಎಂದಿನ ಹೊತ್ತಿಗೆ ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಕಾಯುತ್ತಿದ್ದ. ವಸೂಲಿಯವರ ಫೋನು ಬರುತ್ತಿತ್ತು, ಅವಳದು ಬರಲಿಲ್ಲ. ತಾನೇ ಮಾಡೋಣವೆಂದರೆ ಯಾವ ಮುಖ ಇಟ್ಟುಕೊಂಡು ಮಾಡುವುದು? ಯಂತ್ರ ಹೋಗಲಿ, ಅಂಗಡಿ ಹೋಗಲಿ, ಅಕ್ಕನೊಬ್ಬಳು ಉಳಿದರೆ ಸಾಕು ಎಂದು ಸೋಪಿನ ನೊರೆಗೆಲ್ಲ ಹೇಳಿಕೊಂಡ.

ದಿವಾಳಿ ಅರ್ಜಿಯ ಮೇಲೆ ಕರೆದಿದ್ದ ಸಾಲ ಕೊಟ್ಟವರ ಸಭೆಯ ದಿನ ಬಂತು. ಸಣ್ಣ ಕೋಣೆ, ಉದ್ದನೆಯ ಮೇಜು, ಅದರ ತುದಿಯಲ್ಲಿ ನಿದ್ದೆಗೆಟ್ಟ ಮುಖದ ಅಧಿಕಾರಿ. ಒಂದು ಬದಿಗೆ ಬ್ಯಾಂಕಿನವನು, ಕಾರ್ಡಿನವನು, ಸೋಪಿನ ವ್ಯಾಪಾರಿ. ಕೊನೆಯ ಕುರ್ಚಿಯಲ್ಲಿ ಡ್ರೈವರ್ ಸಮವಸ್ತ್ರದಲ್ಲೇ ಬಂದು ಕೂತ ಅಕ್ಕ. ಅವಳು ಇವನ ಕಡೆ ನೋಡಲಿಲ್ಲ. ಕೇಳಿದ್ದಕ್ಕೆಲ್ಲ ನಿಜವನ್ನೇ ಹೇಳುತ್ತೇನೆಂದು ಇಸ್ತ್ರಿಯಣ್ಣ ಪ್ರಮಾಣ ಮಾಡಿದ.

ಬ್ಯಾಂಕಿನವನು ಯಂತ್ರಗಳು ಓಡುತ್ತವೆಯೇ ಎಂದು ಕೇಳಿದ. ಕಾರ್ಡಿನವನು ಚಿನ್ನ, ಜಮೀನು ಇದೆಯೇ ಎಂದ. ಸೋಪಿನ ವ್ಯಾಪಾರಿ ತಾನು ಸಾಲಕ್ಕೆ ಕೊಟ್ಟಿದ್ದ ಪುಡಿಯ ಮೂಟೆಗಳನ್ನು ವಿಚಾರಿಸಿಕೊಂಡ. ಎಲ್ಲಕ್ಕೂ ಇಸ್ತ್ರಿಯಣ್ಣ ಇದ್ದದ್ದು ಇದ್ದ ಹಾಗೆ ಹೇಳಿದ. ಅರ್ಜಿಗೆ ಯಾರೂ ಅಡ್ಡಿ ಎತ್ತಲಿಲ್ಲ.

"ನೀವೇನಾದ್ರೂ ಕೇಳೋದಿದೆಯಾ ಅಮ್ಮಾ?" ಎಂದ ಅಧಿಕಾರಿ.

ಅಕ್ಕ ಎದ್ದು ನಿಂತಳು.

"ಊಟ ಆಯ್ತೇನೋ?"

ಸೋಪಿನ ವ್ಯಾಪಾರಿ ಕಿಸಕ್ಕನೆ ನಕ್ಕ. ಅಧಿಕಾರಿ ನಗಲಿಲ್ಲ. "ಸಾಲ ಕೊಟ್ಟವರು ಕೇಳಿದ್ದಾರೆ. ಉತ್ತರ ಕೊಡಿ, ಪ್ರಮಾಣ ಮಾಡಿದೀರಿ."

"ಆಯ್ತ..." ಅಭ್ಯಾಸಬಲದಿಂದ ನಾಲಗೆ ಹೊರಳಿತು, ಅರ್ಧಕ್ಕೇ ನಿಂತಿತು. "ಇಲ್ಲ ಅಕ್ಕಾ."

"ನಿನ್ನೆ?"

"ನಿನ್ನೇನೂ ಇಲ್ಲ."

"ಅಷ್ಟೇ ಸಾರ್ ನನ್ನ ಪ್ರಶ್ನೆ," ಎಂದಳು ಅಕ್ಕ. "ಫೋನಲ್ಲಿ ಕೇಳಿದಾಗೆಲ್ಲ ಸುಳ್ಳು ಹೇಳ್ತಿದ್ದ. ಇಲ್ಲಿ ಹೇಳೋ ಹಾಗಿಲ್ಲ ಅಂತ ಗೊತ್ತಾಯ್ತು. ಅದಕ್ಕೇ ಇವತ್ತಿನವರೆಗೂ ಕಾದೆ."

ಅಧಿಕಾರಿ ಗಡಿಯಾರ ನೋಡಿದಂತೆ ಮಾಡಿ, ಅರ್ಧ ಗಂಟೆ ವಿರಾಮ ಎಂದ. ಬ್ಯಾಂಕಿನವನು ತನ್ನ ಕಾಗದಗಳನ್ನು ಆಚೆ ಸರಿಸಿ ಮೇಜಿನ ಮೇಲೆ ಜಾಗ ಮಾಡಿದ. ಅಕ್ಕ ಚೀಲದಿಂದ ಡಬ್ಬಿ ತೆಗೆದು ತಮ್ಮನ ಮುಂದಿಟ್ಟಳು.

"ತಿನ್ನು. ಕಾರೇನು ಓಡಿಹೋಗತ್ತಾ?"

ಇಸ್ತ್ರಿಯಣ್ಣ ಕೈ ಮುಗಿಯಲು ಹೋದ. ಅವಳು ಆ ಕೈ ಹಿಡಿದು ಡಬ್ಬಿಗೆ ಹಾಕಿದಳು. ಅಳುತ್ತಲೇ ತಿಂದ. ಒಂದು ಹನಿ ಎಣ್ಣೆ ಜಾರಿ ಅವನ ಬಿಳಿ ಅಂಗಿಯ ಮೇಲೆ ಬಿತ್ತು. ಅದನ್ನು ಒರೆಸದೆ ಇನ್ನೊಂದು ತುತ್ತು ಬಾಯಿಗಿಟ್ಟುಕೊಂಡ.