ಏಳನೆಯ ಮಹಡಿಯಿಂದ ಕಂಡ ನೀರು

ಆ ಕೊಳ ನೆನಪಾದಾಗಲೆಲ್ಲ ಅದರ ನೀಲಿಯೇ ಮೊದಲು ಕಣ್ಣಿಗೆ ಬರುತ್ತದೆ. ಒಂದು ಎಲೆ ಬಿದ್ದರೂ ಬಲೆ ಹಾಕಿ ಎತ್ತುತ್ತಿದ್ದರು. ಅಂಚಿನ ಬಿಳಿ ಕಲ್ಲಿನ ಮೇಲೆ ಒಂದು ಒದ್ದೆ ಹೆಜ್ಜೆಯನ್ನೂ ನಾನು ಕಂಡಿರಲಿಲ್ಲ.

ಮೇಷ್ಟರ ಕೆಲಸದಿಂದ ನಿವೃತ್ತಳಾದ ನನ್ನ ಸೋದರತ್ತೆ ನಾಗವೇಣಿ ಆ ಕೊಳವಿದ್ದ ಕಟ್ಟಡದ ಏಳನೆಯ ಮಹಡಿಯಲ್ಲಿ ಮನೆ ಕೊಂಡದ್ದೇ ಆ ನೀರನ್ನು ನೋಡಿ. ಹೊಳೆದಂಡೆಯ ಊರಿನವಳು, ಕಚ್ಚೆ ಹಾಕಿ ಮಡುವಿಗೆ ಧುಮುಕಿ ಬೆಳೆದವಳು. ಇನ್ನು ಬೆಳಗಿನ ಸ್ನಾನ ತುಂಬಿದ ನೀರಿನಲ್ಲೇ ಎಂದು ದೇವರ ಮುಂದೆ ತುಪ್ಪದ ದೀಪ ಹಚ್ಚಿದ್ದಳು. ಗೃಹಪ್ರವೇಶದ ಮರುದಿನವೇ ಕಾವಲುಗಾರ ಅವಳನ್ನು ತಡೆದು ಫಲಕ ತೋರಿಸಿದ: ಈಜುಡುಗೆ ಇಲ್ಲದವರಿಗೆ ಪ್ರವೇಶವಿಲ್ಲ.

ಅತ್ತೆ ಜಗಳವಾಡಲಿಲ್ಲ. ಆದರೆ ಕೊಳ, ಕಾರಂಜಿ, ವ್ಯಾಯಾಮಶಾಲೆಗಳ ಹೆಸರಿನಲ್ಲಿ ನಿರ್ವಹಣಾ ಶುಲ್ಕ ಮತ್ತೆ ಏರಿ ಅವಳ ಅರ್ಧ ಪಿಂಚಣಿಯನ್ನು ನುಂಗತೊಡಗಿದಾಗ, ಮುಟ್ಟಗೊಡದ ನೀರಿಗೆ ಹಣ ಕೊಡುವುದಿಲ್ಲವೆಂದು ನಿವಾಸಿಗಳ ಸಂಘಕ್ಕೆ ಹೇಳಿಕಳಿಸಿದಳು. ಅವರು ಅವಳ ಲಿಫ್ಟಿನ ಕಾರ್ಡು ನಿಲ್ಲಿಸಿದರು. ಕಟ್ಟಲಾಗದವರು ಮಾರಿಕೊಂಡು ಹೋಗಬಹುದು ಎಂಬ ಮಾತೂ ಕಿವಿಗೆ ಬಿತ್ತು.

ಅವಳು ಮೆಟ್ಟಿಲು ಹತ್ತಿದಳು, ಪ್ರತಿ ಮಹಡಿಗೂ ನಿಂತು ರಾಮನಾಮ ಹೇಳುತ್ತ. ರಜೆಗೆ ಬಂದಿದ್ದ ನಾನು ಹಿಂದಿನಿಂದ ತರಕಾರಿ ಚೀಲ ಹೊರುತ್ತಿದ್ದೆ. ಮೂರನೆಯ ಮಹಡಿಯಲ್ಲಿ ಸಂಘದ ಅಧ್ಯಕ್ಷ ಶಿವಸ್ವಾಮಿಯವರ ತಾಯಿ ಪುಟ್ಟಗೌರಮ್ಮ ಬಾಗಿಲು ತೆರೆದು ಮಜ್ಜಿಗೆ ಕೊಡುತ್ತಿದ್ದರು. ಇಬ್ಬರೂ ಮೆಟ್ಟಿಲ ಮೇಲೆ ಕೂತು ಪಿಸುಗುಟ್ಟುತ್ತಿದ್ದರು. ಮುದುಕಿಯರ ಹರಟೆ ಎಂದು ನಾನು ಕಿವಿಗೊಡಲಿಲ್ಲ.

ಒಂದು ಭಾನುವಾರ ಬೆಳಗ್ಗೆ ಕೊಳದ ಪಕ್ಕದಲ್ಲೇ ಸಭೆ ಸೇರಿತು. ಶಿವಸ್ವಾಮಿ ಕೆಟ್ಟವರಲ್ಲ, ಸಮಾಧಾನವಾಗಿಯೇ ಹೇಳಿದರು. "ನಾಗವೇಣಮ್ಮ, ಇಲ್ಲಿ ಯಾರು ಈಜ್ತಾರೆ ಹೇಳಿ? ಕೊಳ ಇದೆ ಅಂತ ನಮ್ಮ ಮನೆಗಳಿಗೆ ಬೆಲೆ. ಅದಕ್ಕೇ ಎಲ್ಲರೂ ಕೊಡೋದು."

"ಬೆಲೆ ಬೇಕಾಗಿರೋದು ಮಾರೋರಿಗೆ ಕಣಪ್ಪ. ನಾನು ಇರೋಕೆ ಬಂದವಳು," ಎಂದಳು ಅತ್ತೆ.

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಾಗಲೇ ನಮಗೆ ಗೊತ್ತಾದದ್ದು, ಅವಳು ಕಚ್ಚೆ ಉಟ್ಟು ಬಂದಿದ್ದಳು. ಫಲಕವನ್ನು ದಾಟಿ ನೀರಿಗಿಳಿದು, ಬೊಗಸೆ ತುಂಬಿಕೊಂಡು ಏಳು ನದಿಗಳ ಹೆಸರು ಹೇಳತೊಡಗಿದಳು.

"ಅದು ಔಷಧಿ ಹಾಕಿದ ನೀರಮ್ಮ," ಎಂದು ಯಾರೋ ನಕ್ಕರು.

"ಕರೆದರೆ ಗಂಗೆ ಬರ್ತಾಳೆ. ಅವಳೇನು ನಿಮ್ಮ ಸಂಘದ ಅನುಮತಿ ಕೇಳ್ತಾಳಾ?"

ಶಿವಸ್ವಾಮಿ ಕಾವಲುಗಾರನನ್ನು ಕರೆಯಲು ತಿರುಗಿದರು. ಅಲ್ಲಿ ಅವರ ತಾಯಿ ನಿಂತಿದ್ದರು. ಅವರೂ ಕಚ್ಚೆ ಹಾಕಿದ್ದರು.

"ಶಿವೂ, ಕೈ ಕೊಡು. ಮೆಟ್ಟಿಲು ಜಾರುತ್ತೆ."

ಅಧ್ಯಕ್ಷರು ಚಪ್ಪಲಿ ಬಿಟ್ಟು ಕೈ ಕೊಟ್ಟರು.

ಫಲಕ ಹೋಯಿತು, ಶುಲ್ಕ ಇಳಿಯಲಿಲ್ಲ. ಅತ್ತೆ ಬಾಕಿಯನ್ನೆಲ್ಲ ಕಟ್ಟಿದಳು. ದುಬಾರಿಯೆಂದು ಕೊನೆಯವರೆಗೂ ಬೈದಳು, ಒಂದು ಬೆಳಗಿನ ಮುಳುಗನ್ನೂ ಬಿಡಲಿಲ್ಲ. ಮುಂದಿನ ಸಭೆಗೆ ಕಾರಂಜಿಯ ಮೇಲೆ ಹೊಸ ತಕರಾರು ತೆಗೆದುಕೊಂಡೇ ಹೋದಳು.

ನನಗೆ ಈಗಲೂ ಕಾಣುವುದು ಆ ಭಾನುವಾರದ ಬಿಳಿ ಕಲ್ಲು. ಕೊಳದಿಂದ ಲಿಫ್ಟಿನ ಬಾಗಿಲಿನವರೆಗೆ ಎರಡು ಜೊತೆ ಒದ್ದೆ ಹೆಜ್ಜೆಗಳು. ಒರೆಸುವ ಬಟ್ಟೆ ಹಿಡಿದು ಬಂದವನು ಒಮ್ಮೆ ಬಗ್ಗಿ ನೋಡಿ, ಅವುಗಳನ್ನು ತುಳಿಯದೆ ದಾಟಿಕೊಂಡು ಹೋದ.