ತಾಳು ಅಂದ ಬಾಯಿ

ಟಾರು ಸುಡುತ್ತಿದೆ, ಸೀರೆ ದಾಟಿ, ಲಂಗ ದಾಟಿ ಬಿಸಿ ಮೈಗೆ ಹತ್ತುತ್ತಿದೆ, ಹತ್ತಲಿ, ಪಕ್ಕದಲ್ಲಿ ಕೂತ ಮೀನು ಮಾರುವ ದೇಸಮ್ಮನ ವಾಸನೆಗೆ ಮೊದಲಾಗಿದ್ದರೆ ಮಂಗಳಗೌರಿ ಮೂಗಿಗೆ ಸೆರಗು ಹಿಡಿಯುತ್ತಿದ್ದಳು, ಈಗ ಆ ಭುಜಕ್ಕೇ ಒರಗಿದ್ದಾಳೆ, ಎದುರಿಗೆ ಊರವರು ರಸ್ತೆಯಲ್ಲೇ ಕೂತು ತಡೆದ ಕಂಟೇನರ್ ಲಾರಿಗಳ ಸಾಲು, ಎಣ್ಣೂರು ಬಂದರಿನ ತನಕ ನಿಂತಿದೆಯಂತೆ, ಎತ್ತಿನ ಗಾಡಿಗೆಂದು ಮಾಡಿದ ಹಳ್ಳಿ ರಸ್ತೆ ಇದು, ಎರಡು ಸಾವಿರದ ಇಸವಿಯಲ್ಲಿ ಗಂಡ ಶ್ರೀನಾಥನ ಕೆಲಸಕ್ಕೆಂದು ಈ ತಮಿಳು ಸೀಮೆಗೆ ಬಂದಾಗ ದಿನಕ್ಕೆ ನಾಲ್ಕು ಲಾರಿ, ಆಮೇಲೆ ನಲವತ್ತು, ನಾಲ್ಕು ನೂರು, ಊರಿನವರು ಅರ್ಜಿ ಕೊಟ್ಟು ಕೊಟ್ಟು ಸೋತರು, ಹನ್ನೊಂದು ದಿನದ ಹಿಂದೆ ಮಗಳು ತೇಜು ಲಾರಿಗೆ ಸಿಕ್ಕಿ ಹೋದಳು, ಈಗ ತಹಸೀಲ್ದಾರರು ಜೀಪಿನಲ್ಲಿ ಬಂದಿದ್ದಾರೆ, ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಸ್ಪೀಡ್ ಬ್ರೇಕರ್ ಹಾಕಿಸುತ್ತಾರಂತೆ, ಹಾಕಿಸಲಿ, ಅದನ್ನು ಯಾರ ಸೈಕಲ್ ಹತ್ತಿ ಇಳಿಯಬೇಕು — ಆ ಕೈ, ಹ್ಯಾಂಡಲ್ ಹಿಡಿದ ಆ ಎರಡು ಪುಟ್ಟ ಕೈ — ಬೇಡ, ಆ ಕಡೆ ನೋಡಬಾರದು, ಲಾರಿಯ ನಂಬರ್ ಓದು, ದೇಸಮ್ಮನ ಬಳೆ ನೋಡು.

ಎಲ್ಲರೂ ಡ್ರೈವರನನ್ನು ಬೈಯುತ್ತಾರೆ, ಹಾರನ್ ಹೊಡೆಯಲಿಲ್ಲವಂತೆ, ನಿಜ, ಅವನು ಹೊಡೆಯಲಿಲ್ಲ, ಆದರೆ ಇವಳು ಕೂಗಿದ್ದಳಲ್ಲ, ಅವತ್ತು ಹೆಲ್ಮೆಟ್ ಕೂಡ ತೆಗೆಯದೆ ಓಡಿ ಬಂದ ಗಂಡ ಕೇಳಿದ್ದ, ನೀನು ಕೂಗ್ಲಿಲ್ವೇನೇ, ಕೂಗಿದೆ ರೀ, ಏನಂತ ಕೂಗಿದೆ, ಗೊತ್ತಿಲ್ಲ, ನೆನಪಿಲ್ಲ — ಸುಳ್ಳು. ತಾಳೇ, ತಾಳು ಎಂದು ಕೂಗಿದ್ದಳು. ಮಳವಳ್ಳಿಯ ತವರಿನ ಮಾತು, ಅವ್ವ ಚಿಕ್ಕತಾಯಮ್ಮನ ಬಾಯಲ್ಲಿ ದಿನಕ್ಕೆ ನೂರು ಸಲ, ತಾಳವ್ವ ಬಂದೆ, ತಾಳು ಹಾಲು ಆರ್ಲಿ, ಈ ಊರಿಗೆ ಬಂದ ಮೇಲೆ ಇವಳ ಬಾಯಿಂದಲೂ ಜಾರಿ ಹೋಗಿತ್ತು, ಎಲ್ಲಿತ್ತೋ, ಜೀವ ಬಾಯಿಗೆ ಬಂದಾಗ ಅದೇ ಬಂತು, ತೇಜುವಿಗೆ ಎಲ್ಲಿ ಗೊತ್ತು ಆ ಮಾತು, ತಮಿಳು ಶಾಲೆಯ ಹುಡುಗಿ, ಮನೇಲಿ ಕನ್ನಡ ಆಡೇ ಎಂದರೆ ಸರಿಮ್ಮಾ, ಕನ್ನಡಮೇ ಪೇಸುರೇನ್ ಎಂದು ತಮಿಳಿನಲ್ಲೇ ಒಪ್ಪಿಕೊಳ್ಳುವವಳು, ಸೈಕಲ್ಲಿನ ಚೈನ್ ಕಳಚಿತ್ತು, ನೂಕಿಕೊಂಡು ಬಂದು ರಸ್ತೆಯ ಅಂಚಿನಲ್ಲಿ ನಿಂತಿದ್ದಳು, ನಿಂತೇ ಇದ್ದಳು, ತಾನು ಬಾಯಿ ಮುಚ್ಚಿಕೊಂಡಿದ್ದರೆ ಇನ್ನೂ ನಿಂತಿರುತ್ತಿದ್ದಳೋ ಏನೋ, ಲಾರಿಯ ಆ ಸದ್ದಿನಲ್ಲಿ ತಾಳು ಎಲ್ಲಿ ಕೇಳಿಸಬೇಕು, ತಳ್ಳು ಎಂದು ಕೇಳಿಸಿತು, ಚೈನ್ ಕಳಚಿದಾಗಲೆಲ್ಲ ಗೆಳತಿಯರು ತಳ್ಳುಡೀ, ತಳ್ಳು ಎನ್ನುತ್ತಿದ್ದರಲ್ಲ, ತಿರುಗಿ ಅಮ್ಮನ ಕಡೆ ನೋಡಿ ತಲೆಯಾಡಿಸಿದಳು, ಒಂಬತ್ತು ವರ್ಷ ಹೇಳಿದ ಮಾತು ಕೇಳಲ್ಲ, ಕೇಳಲ್ಲ ಎಂದು ಬೈಸಿಕೊಂಡ ಹುಡುಗಿ ಅವತ್ತು ಕೇಳಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು, ಇದನ್ನು ಯಾರ ಮುಂದೆ ಹೇಳಿ ಅಳುವುದು, ಶ್ರೀನಾಥ ಕ್ಷಮಿಸಿಬಿಡುತ್ತಾನೆ, ಅದೇ ಭಯ.

ಎದ್ದೇಳಮ್ಮ ಎನ್ನುತ್ತಿದ್ದಾಳೆ ದೇಸಮ್ಮ, ತಹಸೀಲ್ದಾರರು ಹತ್ತಿರ ಬಂದು ಹೇಳಿ ಎನ್ನುತ್ತಿದ್ದಾರೆ, ಸೊಲ್ಲುಂಗಮ್ಮಾ, ನೀಂಗದಾನೇ ಪಾತ್ತೀಂಗ, ಹೌದು, ನೋಡಿದವಳು ತಾನೇ, ಇವತ್ತು ಹೇಳಿಬಿಡಬೇಕು, ಗಂಡ ಅಲ್ಲೇ ಜೀಪಿನ ಪಕ್ಕ ನಿಂತಿದ್ದಾನೆ, ಕೇಳಿಸಿಕೊಳ್ಳಲಿ, ಬಾಯಿ ತೆರೆಯುತ್ತಾಳೆ, ಅಷ್ಟರಲ್ಲಿ ಮುಂದಿನ ಲಾರಿ ಸಂದಿ ಸಿಕ್ಕಿತೆಂದು ಗುರ್ರೆಂದು ಒಂದು ಗೇಣು ಜರುಗಿತು, ದೇಸಮ್ಮ ಕೈ ಎತ್ತಿದಳು, ಕಿರುಚಲಿಲ್ಲ ಕೂಡ, ನಿಲ್ಲುಪ್ಪಾ ಎಂದಳು, ನಿಲ್ಲು, ಅಷ್ಟೇ, ಲಾರಿ ನಿಂತಿತು. ನಿಲ್ಲು. ತಮಿಳಿನಲ್ಲೂ ಅದೇ, ಕನ್ನಡದಲ್ಲೂ ಅದೇ, ಅವ್ವನಿಗೂ ಗೊತ್ತು, ಲಾರಿಯವನಿಗೂ ಗೊತ್ತು, ತೇಜುವಿಗೂ ಗೊತ್ತಿತ್ತು, ತನ್ನ ಬಾಯಲ್ಲೂ ಇತ್ತು, ಇಷ್ಟು ಹತ್ತಿರ ಇತ್ತು, ನಿಲ್ಲು ಎಂದಿದ್ದರೆ — ಸೊಲ್ಲುಂಗಮ್ಮಾ ಎನ್ನುತ್ತಿದ್ದಾರೆ, ಶ್ರೀನಾಥ ನೋಡುತ್ತಿದ್ದಾನೆ, ತೆರೆದ ಬಾಯಿ ತೆರೆದೇ ಇದೆ — ತಿರುಗಿದ ಮುಖ, ಸರಿಮ್ಮಾ, ಹ್ಯಾಂಡಲ್ ಮೇಲೆ ಎರಡು ಕೈ, ಎರಡು ಪುಟ್ಟ ಕೈ, ತಳ್ಳುತ್ತಿವೆ, ಅಮ್ಮ ಹೇಳಿದಳೆಂದು ತಳ್ಳುತ್ತಿವೆ